ತುಂಡಾದರೂ ಮತ್ತೆ ಬೆಳೆಯುವ ಹೃದಯ: ಜೀಬ್ರಾ ಮೀನಿನ ಪಾಠ

ಹೃದಯಾಘಾತದಿಂದ ಪಾರಾದ ಮನುಷ್ಯನ ಹೃದಯದಲ್ಲಿ ಸತ್ತ ಸ್ನಾಯುವಿನ ಜಾಗಕ್ಕೆ ಹೊಸ ಸ್ನಾಯು ಹುಟ್ಟಿ ಬರುವುದಿಲ್ಲ. ಅಲ್ಲಿ ಮಿಡಿಯಲಾರದ, ಗಟ್ಟಿಯಾದ ಒಂದು ಕಲೆ ಉಳಿಯುತ್ತದೆ. ಆದರೆ ಸುಮಾರು ಒಂದೂವರೆ ಅಂಗುಲದ, ಮೈಮೇಲೆ ನೀಲಿ ಪಟ್ಟೆಗಳಿರುವ ಸಿಹಿನೀರಿನ ಜೀಬ್ರಾ ಮೀನು ತನ್ನ ಹೃತ್ಕುಕ್ಷಿಯ ಐದನೆಯ ಒಂದು ಭಾಗವನ್ನು ಕಳೆದುಕೊಂಡರೂ ಎರಡು ತಿಂಗಳೊಳಗೆ ಅದನ್ನು ಮರಳಿ ಬೆಳೆಸಿಕೊಳ್ಳುತ್ತದೆ. ಈ ಸಾಮರ್ಥ್ಯದ ಗುಟ್ಟನ್ನು ಅರಿತು ಮನುಷ್ಯನ ಹೃದಯ ಚಿಕಿತ್ಸೆಗೆ ಬಳಸಿಕೊಳ್ಳುವ ಪ್ರಯತ್ನ ಎರಡು ದಶಕಗಳಿಂದ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಮೀನಿನ ಹೃದಯದಲ್ಲಿ ನಡೆಯುವ ದುರಸ್ತಿಗೆ ಬೇಕಾದ ಸಲಕರಣೆಗಳಲ್ಲಿ ಹೆಚ್ಚಿನವು ಮನುಷ್ಯನಲ್ಲೂ ಇವೆ, ಆದರೆ ಅವು ಮುಚ್ಚಿಹೋಗಿವೆ ಎಂಬುದು ಈ ಸಂಶೋಧನೆಗಳಿಂದ ಹೊರಬಂದ ಮುಖ್ಯ ಸಂಗತಿ.

ಕರಾವಳಿಯ ದಾರಿಯಲ್ಲಿ ನಡೆದವನು ಹೆಸರಿಟ್ಟ ಮೀನು

ಈ ಮೀನನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವನಿಗೂ ಇಂದಿನ ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಗೂ ಒಂದು ನಂಟಿದೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವನು. ಟಿಪ್ಪು ಸುಲ್ತಾನನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಪ್ರಾಂತಗಳನ್ನು ಸುತ್ತಿದನು. 1801ರ ಆರಂಭದ ತಿಂಗಳುಗಳಲ್ಲಿ ಮಂಗಳೂರಿನಿಂದ ಉತ್ತರಾಭಿಮುಖವಾಗಿ ಸಾಗಿ, ಕುಂದಾಪುರ, ಬೈಂದೂರುಗಳನ್ನು ಹಾದು ಭಟ್ಕಳದ ಕಡೆಗೆ ಹೋದನು. ದಾರಿಯುದ್ದಕ್ಕೂ ಬೇಸಾಯ, ಭೂಕಂದಾಯ, ವ್ಯಾಪಾರ, ದೇವಾಲಯ, ಜನಜೀವನಗಳ ವಿವರ ಬರೆದುಕೊಂಡನು. ಆ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕರಾವಳಿಯ ಇತಿಹಾಸ ಬರೆಯುವವರು ಇಂದಿಗೂ ಅದನ್ನು ಆಧರಿಸುತ್ತಾರೆ.

ಅದೇ ಬುಕಾನನ್ ಮುಂದೆ ಬಂಗಾಳ ಮತ್ತು ಬಿಹಾರಗಳಲ್ಲಿ ಸಮೀಕ್ಷೆ ನಡೆಸುತ್ತ ಅಲ್ಲಿನ ನದಿಗಳ ಮೀನುಗಳನ್ನು ಅಭ್ಯಸಿಸಿದನು. ಸ್ವದೇಶಕ್ಕೆ ಮರಳಿದ ಮೇಲೆ ತಾಯಿಯ ಮನೆತನದ ಹೆಸರಾದ ಹ್ಯಾಮಿಲ್ಟನ್ ಎಂಬುದನ್ನು ಸ್ವೀಕರಿಸಿ, 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥವನ್ನು ಹೊರತಂದನು. ಕೋಸಿ ನದಿಯಲ್ಲಿ ಕಂಡ ಪಟ್ಟೆಗಳ ಪುಟ್ಟ ಮೀನನ್ನು ಅದರಲ್ಲಿ ವರ್ಣಿಸಲಾಗಿತ್ತು. ಇಂದು ಅದರ ಶಾಸ್ತ್ರೀಯ ನಾಮ ಡ್ಯಾನಿಯೊ ರೆರಿಯೊ. ಡ್ಯಾನಿಯೊ ಎಂಬುದು ಭತ್ತದ ಗದ್ದೆಗೆ ಸಂಬಂಧಿಸಿದ ಬಂಗಾಳಿ ಮಾತಿನಿಂದ ಬಂದುದೆನ್ನುತ್ತಾರೆ. ಗದ್ದೆ, ತೋಡು, ನಿಧಾನವಾಗಿ ಹರಿಯುವ ತೊರೆಗಳೇ ಅದರ ಸಹಜ ನೆಲೆ. ಗಂಗೆ–ಬ್ರಹ್ಮಪುತ್ರೆಗಳ ಬಯಲು ಅದರ ಮುಖ್ಯ ತವರಾದರೂ ಪಶ್ಚಿಮ ಘಟ್ಟದ ತೊರೆಗಳಿಂದಲೂ ಅದು ದಾಖಲಾಗಿದೆ. ಅದರ ಹತ್ತಿರದ ಬಂಧುವಾದ ಮಲಬಾರ್ ಡ್ಯಾನಿಯೊ ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆಗಳ ಮೀನು. ಈ ಗುಂಪಿಗೆ ಸೇರಿದ ಜೈಂಟ್ ಡ್ಯಾನಿಯೊ ಎಂಬ ಇನ್ನೊಂದು ಮೀನೂ ಗಾಯಗೊಂಡ ಹೃದಯವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 2012ರಲ್ಲಿ ವರದಿ ಮಾಡಿದರು.

ಪ್ರಯೋಗಾಲಯಕ್ಕೆ ಬಂದ ಬಗೆ

ಜೀಬ್ರಾ ಮೀನು ಬಹುಕಾಲ ಮನೆಯ ಗಾಜಿನ ತೊಟ್ಟಿಯ ಅಲಂಕಾರಕ್ಕೆ ಸೀಮಿತವಾಗಿತ್ತು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ತಳಿಶಾಸ್ತ್ರದ ಅಧ್ಯಯನಕ್ಕೆ ಆರಿಸಿಕೊಂಡರು. 1981ರಲ್ಲಿ ಅವರ ತಂಡದ ಪ್ರಬಂಧ ಪ್ರಕಟವಾದ ಮೇಲೆ ಈ ಮೀನಿನ ಕಡೆಗೆ ವಿಜ್ಞಾನಿಗಳ ಗಮನ ಹರಿಯಿತು. 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬೋಸ್ಟನ್‌ನ ತಂಡಗಳು ಸಾವಿರಾರು ವಿಕೃತ ತಳಿಗಳನ್ನು ಪರಿಶೀಲಿಸಿ ಫಲಿತಾಂಶಗಳನ್ನು ಒಟ್ಟಿಗೆ ಪ್ರಕಟಿಸಿದವು. ಹೃದಯದ ರಚನೆ ಹಾಗೂ ಬಡಿತಕ್ಕೆ ಸಂಬಂಧಿಸಿದ ಅನೇಕ ವಂಶವಾಹಿಗಳ ಜಾಡು ಅಲ್ಲಿಂದ ದೊರೆಯಿತು.

ಈ ಮೀನಿನ ಅನುಕೂಲಗಳು ಹಲವು. ಒಂದು ಹೆಣ್ಣು ಮೀನು ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಭ್ರೂಣ ತಾಯಿಯ ದೇಹದ ಹೊರಗೆ ಬೆಳೆಯುತ್ತದೆ. ಅದು ಗಾಜಿನಂತೆ ಪಾರದರ್ಶಕ. ಫಲಿತಗೊಂಡ ಸುಮಾರು 24 ಗಂಟೆಗಳಲ್ಲಿ ಹೃದಯ ಬಡಿಯತೊಡಗುತ್ತದೆ, ಸೂಕ್ಷ್ಮದರ್ಶಕದಡಿಯಲ್ಲಿ ಆ ಬಡಿತವನ್ನೂ ರಕ್ತದ ಹರಿವನ್ನೂ ನೇರವಾಗಿ ನೋಡಬಹುದು. 2013ರಲ್ಲಿ ಈ ಮೀನಿನ ಸಂಪೂರ್ಣ ಜೀನೋಮ್ ವಿವರ ಪ್ರಕಟವಾದಾಗ, ಮನುಷ್ಯನ ಸುಮಾರು ಶೇ. 70ರಷ್ಟು ವಂಶವಾಹಿಗಳಿಗೆ ಅದರಲ್ಲಿ ಸಮಾನವಾದ ವಂಶವಾಹಿಯಿದೆ ಎಂದು ತಿಳಿದುಬಂತು. ಇದಕ್ಕೂ ಮೊದಲೇ, 2009ರಲ್ಲಿ, ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಸ್ಸಾಮಿನಿಂದ ತಂದ ಕಾಡುತಳಿಯ ಜೀಬ್ರಾ ಮೀನಿನ ಜೀನೋಮ್ ಓದಿದ್ದರು.

ಮನುಷ್ಯನ ಹೃದಯದ ಮಿತಿ

ಹೃದಯಕ್ಕೆ ರಕ್ತ ಒದಗಿಸುವ ನಾಳ ಕಟ್ಟಿಕೊಂಡಾಗ ಅದರ ಆಚೆಗಿನ ಸ್ನಾಯು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ತೀವ್ರವಾದ ಒಂದು ಹೃದಯಾಘಾತದಲ್ಲಿ ಸುಮಾರು 100 ಕೋಟಿ ಸ್ನಾಯುಕೋಶಗಳು ನಾಶವಾಗಬಹುದೆಂದು ಅಂದಾಜು. ಎಡ ಹೃತ್ಕುಕ್ಷಿಯಲ್ಲಿರುವ ಒಟ್ಟು ಸ್ನಾಯುಕೋಶಗಳೇ 200ರಿಂದ 400 ಕೋಟಿ. ಸತ್ತ ಭಾಗ ಒಡೆದುಹೋಗದಂತೆ ದೇಹವು ಕೊಲಾಜನ್ ಎಂಬ ನಾರಿನ ಪ್ರೋಟೀನಿನಿಂದ ತೇಪೆ ಹಾಕುತ್ತದೆ. ಆ ತೇಪೆ ಜೀವವನ್ನು ಉಳಿಸುತ್ತದೆ, ಆದರೆ ಸಂಕುಚಿಸುವುದಿಲ್ಲ. ಉಳಿದ ಸ್ನಾಯುವಿನ ಮೇಲೆ ಹೊರೆ ಹೆಚ್ಚುತ್ತ ಹೋಗಿ ಕೆಲವರಲ್ಲಿ ವರ್ಷಗಳು ಕಳೆದಂತೆ ಹೃದಯ ವೈಫಲ್ಯ ತಲೆದೋರುತ್ತದೆ. ಈಗಿನ ಔಷಧಗಳು ಈ ಹೊರೆಯನ್ನು ತಗ್ಗಿಸಬಲ್ಲವು. ಕಳೆದುಹೋದ ಸ್ನಾಯುವನ್ನು ಮರಳಿ ತರಲಾರವು.

ಮನುಷ್ಯನ ಹೃದಯದಲ್ಲಿ ಹೊಸ ಕೋಶಗಳು ಹುಟ್ಟುವುದೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ತಂಡ 2009ರಲ್ಲಿ ಒಂದು ಜಾಣ ಉಪಾಯದಿಂದ ಇದನ್ನು ಪರೀಕ್ಷಿಸಿತು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಹೆಚ್ಚಿದ್ದ ಕಾರ್ಬನ್–14 ಅಂಶ ಆಹಾರದ ಮೂಲಕ ಮನುಷ್ಯರ ಡಿಎನ್‌ಎ ಸೇರಿತ್ತು. ಅದರ ಪ್ರಮಾಣವನ್ನು ಅಳೆದು ಕೋಶಗಳ ವಯಸ್ಸನ್ನು ನಿರ್ಧರಿಸಲಾಯಿತು. 25ರ ಹರೆಯದಲ್ಲಿ ವರ್ಷಕ್ಕೆ ಶೇ. 1ರಷ್ಟು, 75ರಲ್ಲಿ ಶೇ. 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ ಎಂದು ಕಂಡುಬಂತು. ಅಂದರೆ ಸಾಮರ್ಥ್ಯ ಪೂರ್ತಿ ಇಲ್ಲವೆಂದಲ್ಲ. ಆಘಾತದ ಹಾನಿಯನ್ನು ತುಂಬಿಕೊಡಲು ಅದು ಏನೇನೂ ಸಾಲದು.

ಮೀನು ಮಾಡುವುದೇನು?

ಕೆನೆತ್ ಪಾಸ್, ಲಿಂಡ್ಸೆ ವಿಲ್ಸನ್ ಮತ್ತು ಮಾರ್ಕ್ ಕೀಟಿಂಗ್ 2002ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರಕ್ಕೆ ತಳಪಾಯ ಹಾಕಿತು. ಅರಿವಳಿಕೆ ನೀಡಿದ ವಯಸ್ಕ ಮೀನಿನ ಹೃತ್ಕುಕ್ಷಿಯ ತುದಿಯಲ್ಲಿ ಸುಮಾರು ಶೇ. 20ರಷ್ಟನ್ನು ಕತ್ತರಿಸಲಾಯಿತು. ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಂತಿತು. ಬಳಿಕ ಆ ಹೆಪ್ಪಿನ ಜಾಗವನ್ನು ಹೊಸ ಸ್ನಾಯು ಆಕ್ರಮಿಸಿತು. 60 ದಿನಗಳ ಹೊತ್ತಿಗೆ ಹೃದಯ ಮೊದಲಿನ ಆಕಾರಕ್ಕೆ ಬಂದಿತ್ತು. ಕೋಶ ವಿಭಜನೆಗೆ ಅಗತ್ಯವಾದ ಒಂದು ವಂಶವಾಹಿ ಕೆಟ್ಟಿದ್ದ ಮೀನುಗಳಲ್ಲಿ ಮಾತ್ರ ಸ್ನಾಯು ಬೆಳೆಯದೆ, ಮನುಷ್ಯನಲ್ಲಿರುವಂತೆ ಕಲೆ ಉಳಿಯಿತು. ಸ್ನಾಯು ಬೆಳೆಯುವುದು ಮತ್ತು ಕಲೆ ಕಟ್ಟುವುದು ಒಂದೇ ತಕ್ಕಡಿಯ ಎರಡು ತಟ್ಟೆಗಳು ಎಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಕತ್ತರಿಯ ಗಾಯ ಹೃದಯಾಘಾತಕ್ಕೆ ಸಮಾನವಲ್ಲ ಎಂಬ ಆಕ್ಷೇಪಕ್ಕೆ 2011ರಲ್ಲಿ ಉತ್ತರ ದೊರೆಯಿತು. ಯೂರೋಪಿನ ಸಂಶೋಧಕರು ಅತಿಶೀತಲ ಲೋಹವನ್ನು ತಾಗಿಸಿ ಸ್ನಾಯುವಿನ ಒಂದು ಭಾಗವನ್ನು ಸಾಯಿಸಿದರು. ಇಲ್ಲಿ ಸತ್ತ ಸ್ನಾಯು ಹೃದಯದಲ್ಲೇ ಉಳಿಯುವುದರಿಂದ ಪರಿಸ್ಥಿತಿ ಮನುಷ್ಯನ ಆಘಾತಕ್ಕೆ ಹೆಚ್ಚು ಹತ್ತಿರ. ಮೀನಿನಲ್ಲಿ ಮೊದಲು ಕಲೆ ಕಟ್ಟಿತು, ನಂತರ ತಿಂಗಳುಗಳಲ್ಲಿ ಅದು ಕರಗಿ ಹೊಸ ಸ್ನಾಯು ಬಂತು. ಕಟ್ಟಿದ ಕಲೆಯೂ ಕರಗಬಲ್ಲದು ಎಂಬ ಈ ಅಂಶ ವೈದ್ಯರಿಗೆ ವಿಶೇಷ ಆಸಕ್ತಿ ಮೂಡಿಸಿತು.

ಹೊಸ ಸ್ನಾಯು ಎಲ್ಲಿಂದ ಬರುತ್ತದೆ? ಎಲ್ಲೋ ಅಡಗಿರುವ ಆಕರ ಕೋಶಗಳಿಂದ ಎಂಬ ಊಹೆ ಮೊದಲಿಗಿತ್ತು. 2010ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಕೋಶಗಳಿಗೆ ಗುರುತು ಹಚ್ಚಿ ಅವುಗಳ ಸಂತತಿಯನ್ನು ಹಿಂಬಾಲಿಸಿದವು. ಗಾಯದ ಅಂಚಿನಲ್ಲಿ ಬದುಕುಳಿದ ಹಳೆಯ ಸ್ನಾಯುಕೋಶಗಳೇ ತಮ್ಮ ಸಂಕುಚನದ ಸರಂಜಾಮನ್ನು ಭಾಗಶಃ ಬಿಚ್ಚಿಟ್ಟು, ಎಳೆಯ ಸ್ಥಿತಿಗೆ ಮರಳಿ, ವಿಭಜನೆಗೊಂಡು, ಮತ್ತೆ ದುಡಿಯುವ ಸ್ನಾಯುವಾಗುತ್ತವೆ ಎಂಬುದು ಸ್ಪಷ್ಟವಾಯಿತು. ಹೃದಯದ ಹೊರಪದರ, ಒಳಪದರ, ನರಗಳು, ರಕ್ತನಾಳಗಳು, ರೋಗನಿರೋಧಕ ಕೋಶಗಳು ಇವೆಲ್ಲವೂ ಸಂಕೇತಗಳನ್ನು ಕಳುಹಿಸಿ ಈ ಕೆಲಸಕ್ಕೆ ನೆರವಾಗುತ್ತವೆ.

ನಮ್ಮಲ್ಲಿ ಏಕಿಲ್ಲ?

ಸಸ್ತನಿಗಳಲ್ಲೂ ಈ ಶಕ್ತಿ ಅಲ್ಪಕಾಲ ಇರುತ್ತದೆ. ಹುಟ್ಟಿ ಒಂದು ದಿನವಾದ ಇಲಿಮರಿಯ ಹೃದಯವನ್ನು ಕತ್ತರಿಸಿದರೆ ಅದು ಮತ್ತೆ ಬೆಳೆಯುತ್ತದೆ, ಏಳು ದಿನಗಳಾದ ಮರಿಯಲ್ಲಿ ಬೆಳೆಯುವುದಿಲ್ಲ ಎಂದು 2011ರಲ್ಲಿ ಅಮೆರಿಕದ ಟೆಕ್ಸಾಸ್‌ನ ತಂಡವೊಂದು ಕಂಡುಕೊಂಡಿತು. ಆ ಒಂದು ವಾರದಲ್ಲಿ ಬಾಗಿಲು ಮುಚ್ಚುತ್ತದೆ.

ಮುಚ್ಚಲು ಕಾರಣ ಒಂದೇ ಅಲ್ಲ. ಮೀನಿನ ಸ್ನಾಯುಕೋಶಗಳಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ಎರಡು ಪ್ರತಿಗಳಷ್ಟೇ ಇರುತ್ತವೆ. ಮನುಷ್ಯನ ಹೃದಯಕೋಶಗಳಲ್ಲಿ ಹೆಚ್ಚಿನವು ಅದಕ್ಕಿಂತ ಅಧಿಕ ಪ್ರತಿಗಳನ್ನು ಹೊತ್ತಿದ್ದು ವಿಭಜನೆಗೆ ಒಗ್ಗುವುದಿಲ್ಲ. ಮೀನಿನ ಕೋಶಗಳಲ್ಲೂ ಕೃತಕವಾಗಿ ಹೀಗೆ ಪ್ರತಿಗಳನ್ನು ಹೆಚ್ಚಿಸಿದಾಗ ಹೃದಯ ಬೆಳೆಯದೆ ಕಲೆ ಉಳಿಯಿತು ಎಂದು 2018ರ ಅಧ್ಯಯನ ತಿಳಿಸಿತು. ಬೆಚ್ಚನೆಯ ರಕ್ತದ ಪ್ರಾಣಿಗಳಲ್ಲಿ ಹೆಚ್ಚಾಗಿರುವ ಥೈರಾಯ್ಡ್ ಹಾರ್ಮೋನು ಈ ಬದಲಾವಣೆಗೆ ಪ್ರೇರಕ ಎಂಬುದಕ್ಕೆ 2019ರಲ್ಲಿ ಪುರಾವೆ ಸಿಕ್ಕಿತು. ಆ ಹಾರ್ಮೋನನ್ನು ಅಧಿಕವಾಗಿ ನೀಡಿದ ಜೀಬ್ರಾ ಮೀನುಗಳು ಹೃದಯ ಬೆಳೆಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡವು.

ಎಲ್ಲ ಮೀನುಗಳಿಗೂ ಈ ವರವಿಲ್ಲ ಎಂಬುದು ಗಮನಾರ್ಹ. ಜಪಾನಿನ ಗದ್ದೆಗಳ ಮೆಡಾಕಾ ಮೀನು ಹೃದಯವನ್ನು ಮತ್ತೆ ಬೆಳೆಸಿಕೊಳ್ಳಲಾರದು. ಗಾಯವಾದ ಕೂಡಲೇ ರೋಗನಿರೋಧಕ ಕೋಶಗಳು ಧಾವಿಸಿ ಬರುವುದರಲ್ಲಿ ಜೀಬ್ರಾ ಮೀನು ಮುಂದು, ಮೆಡಾಕಾ ಹಿಂದು ಎಂದು 2017ರಲ್ಲಿ ಕಂಡುಬಂತು. ಮೆಕ್ಸಿಕೊದ ಒಂದೇ ಜಾತಿಯ ಮೀನಿನಲ್ಲಿ ನದಿಯಲ್ಲಿರುವ ಬಗೆಗೆ ಈ ಶಕ್ತಿಯಿದೆ, ಗುಹೆಯಲ್ಲಿರುವ ಕುರುಡು ಬಗೆಗೆ ಇಲ್ಲ ಎಂದು 2018ರಲ್ಲಿ ಆಕ್ಸ್‌ಫರ್ಡ್‌ನ ತಂಡ ವರದಿ ಮಾಡಿತು. ಇಂತಹ ಹೋಲಿಕೆಗಳಿಂದಲೇ ಯಾವ ವಂಶವಾಹಿ ನಿರ್ಣಾಯಕ ಎಂಬುದನ್ನು ಸೋಸಿ ತೆಗೆಯಲಾಗುತ್ತಿದೆ. ಮೀನು ತಿಂದರೆ ಈ ಗುಣ ಮನುಷ್ಯನಿಗೆ ಬರುವುದೆಂಬ ಅರ್ಥ ಇದಕ್ಕಿಲ್ಲ. ಬಂಗುಡೆ, ಬೂತಾಯಿಗಳ ಪೋಷಕಾಂಶದ ವಿಚಾರ ಬೇರೆ, ಇದು ಬೇರೆ.

ಚಿಕಿತ್ಸೆಯ ದಾರಿ ಮತ್ತು ಅಪಾಯ

ಮುಚ್ಚಿದ ಬಾಗಿಲನ್ನು ತೆರೆಯುವುದಷ್ಟೇ ಗುರಿಯಾದರೆ ಕೆಲಸ ಅರ್ಧವಾದಂತೆ. ಕರಾವಳಿಯ ಹೊಳೆಗಳಿಗೆ ಕಟ್ಟಿರುವ ಕಿಂಡಿ ಅಣೆಕಟ್ಟುಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ, ಮುಂದಿನ ಮಳೆಗೆ ಮೊದಲು ಅವನ್ನು ತೆಗೆಯುತ್ತಾರೆ. ತೆಗೆಯಲು ಮರೆತರೆ ನೀರು ಉಣಿಸಿದ ಕಟ್ಟೆಯೇ ನೆರೆಗೆ ಕಾರಣವಾಗುತ್ತದೆ. ಹೃದಯದ ಕೋಶ ವಿಭಜನೆಯೂ ಹಾಗೆಯೇ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೌರೊ ಜಾಕ ಅವರ ತಂಡ ಇಟಲಿಯ ವಿಜ್ಞಾನಿಗಳೊಡನೆ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಿದರ್ಶನ. ಹೃದಯಾಘಾತಕ್ಕೊಳಗಾದ ಹಂದಿಗಳಿಗೆ ಕೋಶ ವಿಭಜನೆಯನ್ನು ಉತ್ತೇಜಿಸುವ ಮೈಕ್ರೋ ಆರ್‌ಎನ್‌ಎ ನೀಡಲಾಯಿತು. ಒಂದು ತಿಂಗಳಲ್ಲಿ ಕಲೆ ಕುಗ್ಗಿ ಹೃದಯದ ಬಲ ಹೆಚ್ಚಿತು. ಆದರೆ ಉತ್ತೇಜನ ನಿಲ್ಲದೆ ಮುಂದುವರಿದು, ಬಹುಪಾಲು ಹಂದಿಗಳು ಬಡಿತದ ಲಯ ತಪ್ಪಿ ಹಠಾತ್ತನೆ ಸತ್ತವು.

ನಿಲ್ಲಿಸುವ ಕಲೆಯನ್ನೂ ಮೀನಿನಿಂದಲೇ ಕಲಿಯುವ ಯತ್ನ ನಡೆದಿದೆ. ಗಾಯವಾದಾಗ ಮಾತ್ರ ವಂಶವಾಹಿಯನ್ನು ಎಚ್ಚರಿಸಿ, ಗಾಯ ಮಾಯುತ್ತಿದ್ದಂತೆ ಸುಮ್ಮನಾಗುವ ಡಿಎನ್‌ಎ ತುಣುಕುಗಳನ್ನು 2016ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪಾಸ್ ತಂಡ ಜೀಬ್ರಾ ಮೀನಿನಲ್ಲಿ ಗುರುತಿಸಿತು. 2023ರಲ್ಲಿ ಅವೇ ತುಣುಕುಗಳನ್ನು ನಿರುಪದ್ರವಿ ವೈರಸ್ಸಿನ ಮೂಲಕ ಇಲಿ ಮತ್ತು ಹಂದಿಗಳಿಗೆ ಸೇರಿಸಿದಾಗ, ಸಸ್ತನಿಯ ಗಾಯಗೊಂಡ ಹೃದಯದಲ್ಲೂ ಅವು ಕೆಲಸ ಮಾಡಿದವು.

2025ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಹ್ಯೂಬ್ರೆಕ್ಟ್ ಸಂಸ್ಥೆಯ ಯೆರೂನ್ ಬಾಕರ್ಸ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಎಚ್‌ಎಂಜಿಎ–1 ಎಂಬ ಪ್ರೋಟೀನು ಮೀನಿನ ಗಾಯಗೊಂಡ ಹೃದಯದಲ್ಲಿ ಚುರುಕಾಗಿರುತ್ತದೆ. ಅದು ಬಿಗಿಯಾಗಿ ಸುತ್ತಿಕೊಂಡ ಡಿಎನ್‌ಎಯನ್ನು ಸಡಿಲಿಸಿ ನಿದ್ರಿತ ವಂಶವಾಹಿಗಳಿಗೆ ಜಾಗ ಮಾಡಿಕೊಡುತ್ತದೆ. ಇಲಿಗೂ ಮನುಷ್ಯನಿಗೂ ಇದೇ ವಂಶವಾಹಿ ಇದೆ. ಆದರೆ ವಯಸ್ಕ ಇಲಿಯ ಹೃದಯ ಗಾಯಗೊಂಡಾಗ ಅದು ಏಳುವುದಿಲ್ಲ. ಆ ಪ್ರೋಟೀನನ್ನು ಇಲಿಗಳ ಹೃದಯಕ್ಕೆ ಒದಗಿಸಿದಾಗ ಕೋಶಗಳು ಗಾಯದ ಅಂಚಿನಲ್ಲಿ ಮಾತ್ರ ವಿಭಜನೆಗೊಂಡವು, ಹೃದಯದ ಕೆಲಸ ಸುಧಾರಿಸಿತು. ಆರೋಗ್ಯವಂತ ಭಾಗದಲ್ಲಿ ಅತಿಬೆಳವಣಿಗೆ ಕಾಣಲಿಲ್ಲ.

ಹೊಸ ಔಷಧಗಳ ಪರೀಕ್ಷೆಯಲ್ಲೂ ಜೀಬ್ರಾ ಮೀನಿನ ಮರಿಗಳಿಗೆ ಸ್ಥಾನವಿದೆ. ತಟ್ಟೆಯ ಪುಟ್ಟ ಗುಳಿಗಳ ನೀರಿನಲ್ಲಿ ಮರಿಗಳನ್ನಿಟ್ಟು, ಒಂದೊಂದು ಗುಳಿಗೆ ಒಂದೊಂದು ರಾಸಾಯನಿಕ ಬೆರೆಸಿ ಹೃದಯದ ಬಡಿತ ನೋಡಲಾಗುತ್ತದೆ. 2003ರಲ್ಲಿ ಬೋಸ್ಟನ್‌ನ ಸಂಶೋಧಕರು 100 ರಾಸಾಯನಿಕಗಳನ್ನು ಹೀಗೆ ಪರೀಕ್ಷಿಸಿದಾಗ, ಮನುಷ್ಯನ ಹೃದಯದ ಲಯ ಕೆಡಿಸುವ ಔಷಧಗಳು ಮೀನಿನ ಬಡಿತವನ್ನೂ ನಿಧಾನಗೊಳಿಸಿದವು. ರೋಗಿಯನ್ನು ತಲುಪುವ ಮೊದಲೇ ಅಪಾಯದ ಔಷಧವನ್ನು ಬದಿಗಿಡಲು ಇದು ಅಗ್ಗದ ಜರಡಿ.

ಭಾರತದಲ್ಲಿ

ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಚಿನ್ಮಯ್ ಪಾತ್ರ ಅವರ ತಂಡ ಜೀಬ್ರಾ ಮೀನಿನ ಹೃದಯ ಪುನರುತ್ಪತ್ತಿಯ ಕುರಿತು ಕೆಲಸ ಮಾಡಿದೆ. ಗಾಯದ ನಂತರ ಸ್ರವಿಸುವ ಸಿಸಿಎನ್–2ಎ ಎಂಬ ಪ್ರೋಟೀನು ಸ್ನಾಯುವಿನ ಬೆಳವಣಿಗೆಗೂ ಕಲೆ ಕರಗುವುದಕ್ಕೂ ನೆರವಾಗುತ್ತದೆ ಎಂದು ಅದು 2021ರಲ್ಲಿ ವರದಿ ಮಾಡಿತು. ಕರ್ನಾಟಕದಲ್ಲಿ ಈ ಮೀನು ಬೇರೆ ಪ್ರಶ್ನೆಗಳಿಗೂ ಉತ್ತರ ನೀಡಿದೆ: ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವತ್ಸಲಾ ತಿರುಮಲೈ ಅವರ ತಂಡ ಅದರ ಮರಿಗಳಲ್ಲಿ ನರಮಂಡಲವು ಚಲನೆಯನ್ನು ನಿಯಂತ್ರಿಸುವ ಬಗೆಯನ್ನು ಅಭ್ಯಸಿಸಿದೆ.

ರೋಗಿಗೆ ಇಂದು ದಕ್ಕುವುದೇನು?

2016ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಸುಮಾರು ಶೇ. 28ರಷ್ಟು ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ಸಂಭವಿಸಿದ್ದವು ಎಂಬುದು ರಾಷ್ಟ್ರಮಟ್ಟದ ಅಂದಾಜು. 2025ರ ಜೂನ್–ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ರಾಜ್ಯದಲ್ಲಿ ಆತಂಕ ಹುಟ್ಟಿಸಿದಾಗ ಸರ್ಕಾರ ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಬೇಕಾಯಿತು. ಇಂತಹ ಹೊತ್ತಿನಲ್ಲಿ ಮೀನಿನ ಸುದ್ದಿ ಆಸೆ ಹುಟ್ಟಿಸುವುದು ಸಹಜ. ಆದರೆ ಜೀಬ್ರಾ ಮೀನಿನ ಅಧ್ಯಯನದಿಂದ ಬಂದ, ಸತ್ತ ಹೃದಯಸ್ನಾಯುವನ್ನು ಮರಳಿ ಬೆಳೆಸುವ ಯಾವ ಔಷಧವೂ ಆಸ್ಪತ್ರೆಗಳ ಬಳಕೆಗೆ ಬಂದಿಲ್ಲ. ಮೀನಿನ ಹೃದಯಕ್ಕೆ ಎರಡೇ ಕೋಣೆ, ಮನುಷ್ಯನದಕ್ಕೆ ನಾಲ್ಕು. ಅದು ತಣ್ಣನೆಯ ರಕ್ತದ ಜೀವಿ, ಅದರ ರಕ್ತದೊತ್ತಡವೂ ಕಡಿಮೆ. ಇಲಿಯಲ್ಲಿ ಗೆದ್ದುದು ಹಂದಿಯಲ್ಲಿ, ಹಂದಿಯಲ್ಲಿ ಗೆದ್ದುದು ಮನುಷ್ಯನಲ್ಲಿ ಗೆಲ್ಲಬೇಕೆಂದಿಲ್ಲ.

ಆದ್ದರಿಂದ ಹೃದಯಸ್ನಾಯುವನ್ನು ಉಳಿಸಿಕೊಳ್ಳುವುದಕ್ಕೆ ಸದ್ಯ ಇರುವ ಉಪಾಯ ಸಮಯಪ್ರಜ್ಞೆಯೊಂದೇ. ನಾಳ ಕಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಅದನ್ನು ತೆರೆದಷ್ಟೂ ಸ್ನಾಯು ಉಳಿಯುತ್ತದೆ. ಬ್ರಹ್ಮಾವರದಿಂದ ಮಣಿಪಾಲದ ದೊಡ್ಡ ಆಸ್ಪತ್ರೆ ಹತ್ತಿರವೇ ಇದೆ. ಕುಂದಾಪುರದಿಂದ ಸುಮಾರು 40, ಬೈಂದೂರಿನಿಂದ ಸುಮಾರು 70 ಕಿಲೋಮೀಟರ್ ಸಾಗಬೇಕು. ಘಟ್ಟದ ಬುಡದ ಹಳ್ಳಿಗಳಿಗೆ ದಾರಿ ಇನ್ನೂ ದೂರ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ನೀಡುವ ಉದ್ದೇಶದಿಂದ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದದ್ದು ಇದೇ ಕಾರಣಕ್ಕೆ. ಎದೆಯಲ್ಲಿ ಒತ್ತಿದಂತಹ ನೋವು, ಎಡತೋಳು ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಕಂಡಾಗ ಗ್ಯಾಸ್ಟ್ರಿಕ್ ಇರಬಹುದೆಂದು ಕಾಯದೆ ಇಸಿಜಿ ಮಾಡಿಸುವುದು, 108ಕ್ಕೆ ಕರೆ ಮಾಡುವುದು ಅಗತ್ಯ.

ಮೀನಿಗೆ ಕಳೆದುಕೊಂಡ ಸ್ನಾಯುವನ್ನು ಬೆಳೆಸಿಕೊಳ್ಳಲು ಎರಡು ತಿಂಗಳ ಬಿಡುವಿದೆ, ಮನುಷ್ಯನಿಗೆ ಇರುವ ಸ್ನಾಯುವನ್ನು ಕಾಪಾಡಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು. ಈ ಅಂತರವನ್ನು ಕಿರಿದಾಗಿಸುವ ಕೆಲಸ ಪ್ರಯೋಗಾಲಯಗಳಲ್ಲಿ ನಡೆದಿದೆ. ಅದು ಫಲ ಕೊಡುವವರೆಗೆ ತಾಲ್ಲೂಕು ಆಸ್ಪತ್ರೆಯ ಇಸಿಜಿ ಯಂತ್ರ ಹಾಗೂ ಹೊತ್ತಿಗೆ ಸರಿಯಾಗಿ ಬರುವ ಆಂಬುಲೆನ್ಸ್ ಇವುಗಳಿಗೆ ಪರ್ಯಾಯವಿಲ್ಲ.